ಹಿನ್ನೀರಿನ ಸೂರ್ಯಾಸ್ತ ಸಾಕು, ನಿಮ್ಮ ಓಣಿ ತೋರಿಸಿ

ಪ್ರಶ್ನೆ: ನಾನು ಬಾಗಲಕೋಟೆಯವನು. ನಮ್ಮ ಹಳೇ ಮನೆ ಆಲಮಟ್ಟಿ ಹಿನ್ನೀರಿಗೆ ಹೋಯಿತು. ಈಗ ನವನಗರದಲ್ಲಿದ್ದೇವೆ. ನೌಕರಿಯ ಬಿಡುವಿನಲ್ಲಿ ಫೋಟೊ ತೆಗೆಯುತ್ತೇನೆ. ಹಿನ್ನೀರು, ಹಳೇ ಊರಿನ ಮುರಿದ ಗೋಡೆಗಳು, ಹೋಳಿ, ನಮ್ಮ ಅವ್ವ, ಹೀಗೆ ಸಾವಿರಾರು ಚಿತ್ರಗಳಿವೆ. ಸ್ಪರ್ಧೆಗಳಲ್ಲಿ ಬಹುಮಾನವೂ ಬಂದಿದೆ. ಇತ್ತೀಚೆಗೆ ಒಬ್ಬ ತೀರ್ಪುಗಾರರು, ‘ಚೆನ್ನಾಗಿವೆ, ಆದರೆ ಇವನ್ನು ಯಾರು ಬೇಕಾದರೂ ತೆಗೆಯಬಹುದು’ ಎಂದುಬಿಟ್ಟರು. ಈಗಿನ ಫೋಟೊ ಕಲಾವಿದರು ಗುರುತು, ಜಾಗ, ಸಮಾಜ ಅಂತ ಕೆಲಸ ಮಾಡುತ್ತಾರಂತೆ. ಹಾಗಂದರೆ ಏನು? ಅದು ಬೆಂಗಳೂರು, ದಿಲ್ಲಿಯವರಿಗೆ, ಇಂಗ್ಲಿಷ್ ಬಲ್ಲವರಿಗೆ ಮಾತ್ರವೇ? ಯಾರ ಕೆಲಸ ನೋಡಲಿ, ಎಲ್ಲಿಂದ ಶುರು ಮಾಡಲಿ?

ಉತ್ತರ: ನಿಮ್ಮ ಪತ್ರದ ಜೊತೆ ಬಂದ ಚಿತ್ರಗಳನ್ನು ನೋಡಿದೆ. ತೀರ್ಪುಗಾರರ ಮಾತು ಸ್ವಲ್ಪ ಖಾರ, ಆದರೆ ಸುಳ್ಳಲ್ಲ. ಮೇಲೆ ಕೆಂಪು ಆಕಾಶ, ಕೆಳಗೆ ನೀರು, ನಡುವೆ ಒಂದು ತೆಪ್ಪ. ಇಂಥ ಚಿತ್ರ ತೆಗೆಯಲು ಬಾಗಲಕೋಟೆಯಲ್ಲೇ ಹುಟ್ಟಬೇಕಿಲ್ಲ. ಬೆಂಗಳೂರಿನಿಂದ ಶನಿವಾರ ರಾತ್ರಿ ಬಸ್ ಹತ್ತಿದವರು ಭಾನುವಾರ ಸಂಜೆ ತೆಗೆದುಕೊಂಡು ಹೋಗಬಹುದು. ಆದರೆ ಎಲ್ಲಕ್ಕಿಂತ ಕೊನೆಗೆ, ‘ಶಾರ್ಪ್ ಬಂದಿಲ್ಲ’ ಎಂದು ಬರೆದು ನೀವು ಹಾಕಿರುವ ಒಂದು ಚಿತ್ರವಿದೆ. ಅವ್ವ ದಂಡೆಯಲ್ಲಿ ನಿಂತು ನೀರಿನ ಕಡೆ ಕೈ ಮಾಡಿ ಏನೋ ತೋರಿಸುತ್ತಿದ್ದಾರೆ. ಅಲ್ಲಿ ನಮಗೆ ಏನೂ ಕಾಣುವುದಿಲ್ಲ, ಅವರಿಗೆ ಕಾಣುತ್ತದೆ. ಈ ಚಿತ್ರ ಬೇರೆ ಯಾರಿಗೂ ಸಿಗುತ್ತಿರಲಿಲ್ಲ. ನನ್ನ ಮಟ್ಟಿಗೆ ಇಡೀ ಕಟ್ಟಿನಲ್ಲಿ ಇದೇ ಮೊದಲನೆಯದು.

ಗುರುತು, ಜಾಗ, ಸಮಾಜ ಎಂಬ ದೊಡ್ಡ ಮಾತಿಗೆ ಹೆದರಬೇಡಿ. ಚಿತ್ರದಲ್ಲಿರುವವರು ಯಾರು? ತೆಗೆದವರಿಗೂ ಅವರಿಗೂ ಏನು ಸಂಬಂಧ? ಆ ಜಾಗ ಈಗ ಯಾರದು, ಮೊದಲು ಯಾರದಾಗಿತ್ತು? ಈ ಪ್ರಶ್ನೆಗಳನ್ನು ಚಿತ್ರ ತೆಗೆಯುವ ಹೊತ್ತಿಗೇ ಕೇಳಿಕೊಂಡು, ಒಂದೇ ವಿಷಯದ ಮೇಲೆ ವರ್ಷಗಟ್ಟಲೆ ಕೂರುವುದು. ಅಷ್ಟೇ. ಸ್ಪರ್ಧೆಯಲ್ಲಿ ಪ್ರತಿ ಚಿತ್ರಕ್ಕೂ ಬಿಡಿಬಿಡಿಯಾಗಿ ಅಂಕ ಬೀಳುತ್ತದೆ. ಇಲ್ಲಿ ಒಂದು ಚಿತ್ರ ಇನ್ನೊಂದರ ಪಕ್ಕ ನಿಂತಾಗ ಏನು ಹೇಳುತ್ತದೆ ಅನ್ನುವುದೇ ಮುಖ್ಯ. ಸ್ಪರ್ಧೆಯ ಚಟ ಬಿಡುವುದು ಕಷ್ಟ, ಗೊತ್ತು. ಒಂದೆರಡು ವರ್ಷ ಬಿಟ್ಟು ನೋಡಿ.

ಈ ಪ್ರಶ್ನೆಗಳು ನಮ್ಮ ಭಾಗಕ್ಕೆ ಹೊಸವಲ್ಲ. 1855ರಲ್ಲಿ ಬಾಂಬೆ ಸರ್ಕಾರ ಥಾಮಸ್ ಬಿಗ್ಸ್ ಎಂಬ ಸೇನಾಧಿಕಾರಿಯನ್ನು ಹಳೆಯ ಕಟ್ಟಡಗಳ ಫೋಟೊ ತೆಗೆಯಲು ನೇಮಿಸಿತು. ಆತ ವಿಜಯಪುರ, ಬಾದಾಮಿ, ಐಹೊಳೆಗಳಲ್ಲಿ ಕ್ಯಾಮೆರಾ ಹೂಡಿದ. ವಿಜಯಪುರದ ಚಿತ್ರಗಳು 1866ರಲ್ಲಿ ದೊಡ್ಡ ಪುಸ್ತಕವಾಗಿ ಬಂದವು. ಗೋಳಗುಮ್ಮಟ, ಇಬ್ರಾಹಿಂ ರೋಜಾ ಎಲ್ಲಕ್ಕೂ ಹೆಸರಿದೆ, ಇತಿಹಾಸವಿದೆ. ಆದರೆ ಆ ಕಾಲದ ಸ್ಮಾರಕಗಳ ಚಿತ್ರದಲ್ಲಿ ಮನುಷ್ಯರನ್ನು ನಿಲ್ಲಿಸುತ್ತಿದ್ದುದು ಬಹಳ ಸಲ ಕಟ್ಟಡದ ಎತ್ತರ ಗೊತ್ತಾಗಲಿ ಎಂದು. ಅಳತೆಯ ಕೋಲು ಇದ್ದ ಹಾಗೆ. ಮುಂದೆ 1868ರಿಂದ 1875ರವರೆಗೆ ಇಂಗ್ಲಿಷರು ಭಾರತದ ಜಾತಿ, ಬುಡಕಟ್ಟುಗಳ ಚಿತ್ರಗಳನ್ನು ಎಂಟು ಸಂಪುಟಗಳಲ್ಲಿ ಹೊರತಂದರು. ಅಲ್ಲಿ ಮನುಷ್ಯ ಎಂದರೆ ಒಂದು ನಮೂನೆ. ‘ಈ ಜಾತಿಯವರು ಹೀಗಿರುತ್ತಾರೆ’ ಎಂದು ತೋರಿಸಲು ಒಬ್ಬರನ್ನು ಹಿಡಿದು ನಿಲ್ಲಿಸುವುದು. ಇವತ್ತಿಗೂ ಗೋಳಗುಮ್ಮಟದ ಮುಂದೆ ಲಂಬಾಣಿ ಹೆಣ್ಣುಮಗಳನ್ನು ನಿಲ್ಲಿಸಿ ತೆಗೆದ ‘ಕಲರ್‌ಫುಲ್’ ಫೋಟೊ ಕಂಡಾಗ, ಬಿಗ್ಸ್ ಸಾಹೇಬ ಇನ್ನೂ ನಿವೃತ್ತನಾಗಿಲ್ಲ ಅನಿಸುತ್ತದೆ ನನಗೆ.

ಇದನ್ನೇ ಎದುರು ಹಾಕಿಕೊಂಡವರು ನಮ್ಮ ಕರ್ನಾಟಕದವರೇ ಆದ ಎನ್. ಪುಷ್ಪಮಾಲಾ. 1956ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದವರು, ಓದಿದ್ದು ಶಿಲ್ಪಕಲೆ. 2000ದಿಂದ 2004ರವರೆಗೆ ಛಾಯಾಗ್ರಾಹಕಿ ಕ್ಲೇರ್ ಆರ್ನಿ ಜೊತೆ ಸೇರಿ ದಕ್ಷಿಣ ಭಾರತದ ಹೆಣ್ಣುಗಳ ಬಗ್ಗೆ ಒಂದು ದೊಡ್ಡ ಸರಣಿ ಮಾಡಿದರು. ಎಲ್ಲ ವೇಷವೂ ಅವರದೇ. ಒಂದು ಕಡೆ ರವಿವರ್ಮನ ಲಕ್ಷ್ಮಿ, ಇನ್ನೊಂದು ಕಡೆ ಸಿನಿಮಾ ನಾಯಕಿ. ಮತ್ತೊಂದು ಕಡೆ ಪೇಪರಿನಲ್ಲಿ ಬಂದ ಸರಗಳ್ಳಿಯರ ಫೋಟೊದ ಮರುಸೃಷ್ಟಿ. ಒಂದರಲ್ಲಿ ನೀಲಗಿರಿಯ ತೋಡ ಬುಡಕಟ್ಟಿನ ಹೆಂಗಸಿನ ವೇಷದಲ್ಲಿ ಚೌಕುಳಿ ಪರದೆಯ ಮುಂದೆ ನಿಂತಿದ್ದಾರೆ. ವಸಾಹತು ಕಾಲದಲ್ಲಿ ಜನರ ಮೈ ಅಳೆಯಲು ಹಿಂದೆ ಇಳಿಬಿಡುತ್ತಿದ್ದ ಪರದೆ ಅದು. ನೋಡಿದರೆ ಮೊದಲು ನಗು ಬರುತ್ತದೆ. ಆಮೇಲೆ ನಮ್ಮ ಮನೆಯ ಆಲ್ಬಮ್ಮಿನಲ್ಲಿ ನಾವು ಯಾವ ಪರದೆಯ ಮುಂದೆ, ಯಾರು ಹೇಳಿದ ಹಾಗೆ ನಿಂತಿದ್ದೇವೆ ಎಂದು ಹುಡುಕತೊಡಗುತ್ತೇವೆ. ಅಮೆರಿಕದ ಸಿಂಡಿ ಶೆರ್ಮನ್ 1977ರಿಂದ 1980ರವರೆಗೆ ಹೀಗೇ ತಾವೇ ಸಿನಿಮಾ ಹೆಣ್ಣುಗಳ ವೇಷ ಹಾಕಿ ತೆಗೆದ ಸರಣಿ ಜಗತ್ತಿಗೆಲ್ಲ ಗೊತ್ತು. ಆದರೆ ನೀವು ಪುಷ್ಪಮಾಲಾ ಅವರನ್ನು ಮೊದಲು ನೋಡಿ. ಆ ಬಣ್ಣ, ಆ ಪರದೆ, ಆ ಕ್ಯಾಲೆಂಡರ್ ದೇವರು ನಮ್ಮ ಮನೆಯವು.

ಈಗ ನಿಮ್ಮ ಹೋಳಿ ಚಿತ್ರಗಳಿಗೆ ಬರೋಣ. ಬಣ್ಣದ ಬಂಡಿಯಿಂದ ಎರಚಿದ ನೀರು, ಗಾಳಿಯಲ್ಲಿ ನಿಂತ ಹನಿ, ಕೆಂಪಾದ ಮುಖಗಳು. ಇವೂ ಬಹುಮಾನದ ಚಿತ್ರಗಳೇ. ಆದರೆ ಬಾಗಲಕೋಟೆಯ ಹೋಳಿಯಲ್ಲಿ ಸೋಗಿನ ಬಂಡಿ ಇದೆಯಲ್ಲ, ಅದನ್ನು ಬಿಟ್ಟದ್ದು ಯಾಕೆ? ದಿನಾ ನೋಡುವ ಮನುಷ್ಯ ಅಂದು ಬೇರೆ ಯಾರೋ ಆಗಿ ಬಂಡಿಯ ಮೇಲೆ ಕೂರುತ್ತಾನೆ. ಪುಷ್ಪಮಾಲಾ ಸ್ಟುಡಿಯೊದಲ್ಲಿ ಮಾಡಿದ್ದನ್ನು ನಿಮ್ಮ ಓಣಿಯ ಜನ ಬೀದಿಯಲ್ಲಿ ಮಾಡುತ್ತಾ ಬಂದಿದ್ದಾರೆ. ವೇಷ ಹಾಕುವವರನ್ನು ಹಬ್ಬಕ್ಕೆ ಮೊದಲೇ ಮಾತಾಡಿಸಿ. ಸೋಗಿನಲ್ಲಿ ಒಂದು, ಮರುದಿನ ಅವರ ಅಂಗಡಿಯಲ್ಲೋ ಹೊಲದಲ್ಲೋ ಒಂದು ಚಿತ್ರ ತೆಗೆಯಿರಿ. ಯಾವ ವೇಷ ಬೇಕೆಂದು ಅವರೇ ಆರಿಸಲಿ.

ಇದಕ್ಕೆ ಹತ್ತಿರದ ಎರಡು ಕೆಲಸ ಹೇಳುತ್ತೇನೆ. ಕಾಪ್ ಶಿವ ಎಂದು ಹೆಸರಾದವರು ಬೆಂಗಳೂರಿನಲ್ಲಿ ಪೊಲೀಸ್ ಕೆಲಸದಲ್ಲಿ ಇದ್ದುಕೊಂಡೇ ಕ್ಯಾಮೆರಾ ಹಿಡಿದವರು. ಮೈಗೆಲ್ಲ ಬೆಳ್ಳಿ ಬಣ್ಣ ಬಳಿದುಕೊಂಡು ಗಾಂಧಿಯಾಗಿ ನಿಲ್ಲುವ ಒಬ್ಬ ಮೇಷ್ಟರ ಜೊತೆ ಊರೂರು ಸುತ್ತಿ ಸರಣಿ ಮಾಡಿದರು. ಇನ್ನೊಂದು ಛಾಯಾಗ್ರಾಹಕಿ ಗೌರಿ ಗಿಲ್ ಅವರದು. ಮಹಾರಾಷ್ಟ್ರದ ಜವ್ಹಾರದಲ್ಲಿ ಆದಿವಾಸಿ ಕಲಾವಿದರು ಬೊಹಾಡಾ ಹಬ್ಬಕ್ಕೆ ಕಾಗದದ ಮುಖವಾಡ ಮಾಡುತ್ತಾರೆ. ಅವು ದೇವರು, ರಾಕ್ಷಸರ ಮುಖಗಳು. ಗಿಲ್ 2015ರ ಸುಮಾರಿಗೆ ಅವರ ಹತ್ತಿರ ಹೋಗಿ, ನಿಮ್ಮ ದಿನನಿತ್ಯದ ಬದುಕಿನ ಮುಖವಾಡ ಮಾಡುತ್ತೀರಾ ಎಂದು ಕೇಳಿದರು. ಆ ಮುಖವಾಡ ಹಾಕಿಕೊಂಡು ಜನ ದವಾಖಾನೆಯಲ್ಲಿ ಕೂತಿದ್ದಾರೆ, ಮನೆಯಲ್ಲಿ ಮಲಗಿದ್ದಾರೆ, ರಸ್ತೆಯಲ್ಲಿ ನಡೆಯುತ್ತಿದ್ದಾರೆ. ಮುಖ ಮುಚ್ಚಿದೆ, ಆದರೂ ಒಬ್ಬೊಬ್ಬರೂ ಎಷ್ಟು ಅವರವರ ಹಾಗೇ ಇದ್ದಾರೆ! ಇದೇ ಗಿಲ್ ರಾಜಸ್ಥಾನದ ಮರುಭೂಮಿಯ ಹಳ್ಳಿಗಳಿಗೆ 1999ರಿಂದ ಹೋಗುತ್ತಲೇ ಇದ್ದಾರೆ. ಆ ಕೆಲಸಕ್ಕೆ 2023ರಲ್ಲಿ ಪ್ರಿ ಪಿಕ್ಟೆ ಎಂಬ ಅಂತರರಾಷ್ಟ್ರೀಯ ಫೋಟೊ ಬಹುಮಾನ ಬಂತು. ಲೆಕ್ಕ ಹಾಕಿ, ಎಷ್ಟು ವರ್ಷ!

ಜಾಗದ ವಿಷಯದಲ್ಲಿ ನಿಮ್ಮ ಹತ್ತಿರ ಇರುವ ಸರಕು ಇವರಾರ ಹತ್ತಿರವೂ ಇಲ್ಲ. ಮುಳುಗಡೆಯ ಚಿತ್ರ ತೆಗೆಯುವ ಮೊದಲು ಚೀನಾದ ಜುವಾಂಗ್ ಹುಯಿ ಏನು ಮಾಡಿದರು ಕೇಳಿ. ಯಾಂಗ್‌ತ್ಸೆ ನದಿಯ ತ್ರೀ ಗಾರ್ಜಸ್ ಅಣೆಕಟ್ಟೆಗಾಗಿ 12 ಲಕ್ಷಕ್ಕೂ ಹೆಚ್ಚು ಜನ ಊರು ಬಿಟ್ಟರು. 1995ರಲ್ಲಿ, ನೀರು ಬರುವ ಮೊದಲು, ಈ ಕಲಾವಿದ ಮುಳುಗಲಿರುವ ಜಾಗಗಳಿಗೆ ಹೋಗಿ ನೆಲದಲ್ಲಿ ಸಣ್ಣ ಸಣ್ಣ ಕುಳಿ ಕೊರೆದು ಅವುಗಳ ಫೋಟೊ ತೆಗೆದರು. ಹನ್ನೆರಡು ವರ್ಷದ ಮೇಲೆ ಅದೇ ಜಾಗವನ್ನು ವಿಡಿಯೊ ಮಾಡಿಸಿದರು. ನೀರು ಬಿಟ್ಟರೆ ಏನೂ ಇಲ್ಲ. ಕೃತಿಯ ಹೆಸರು ಬರೀ ಅಕ್ಷಾಂಶ ರೇಖಾಂಶ. ಒಂದು ಹನಿ ಕಣ್ಣೀರು ತೋರಿಸದೆ ಎಲ್ಲವನ್ನೂ ಹೇಳಿದ ಕೆಲಸ.

ನಿಮ್ಮಲ್ಲಿ ನೀರು ಬಂದು ಆಗಿದೆ ಅಂತ ಕೈ ಚೆಲ್ಲಬೇಡಿ. ಆಲಮಟ್ಟಿ ಕಟ್ಟೆಗೆ ಶಂಕುಸ್ಥಾಪನೆ ಆಗಿದ್ದು 1964ರಲ್ಲಿ. ಈಗ ನೀರು ನಿಲ್ಲಿಸುವುದು 519.60 ಮೀಟರ್ ಮಟ್ಟದವರೆಗೆ. ಅದನ್ನು 524.256 ಮೀಟರ್‌ಗೆ ಏರಿಸಲು ಕೃಷ್ಣಾ ಎರಡನೇ ನ್ಯಾಯಮಂಡಳಿ 2010ರಲ್ಲಿ ಒಪ್ಪಿತು. ನಡುವಿನ ಅಂತರ ನಾಲ್ಕೂವರೆ ಮೀಟರ್‌ಗೂ ಜಾಸ್ತಿ. ಒಂದು ಮನೆ ಮುಳುಗುವಷ್ಟು. ಅಂದರೆ ಇವತ್ತು ದಂಡೆಯಲ್ಲಿ ಉಳಿದಿರುವುದೂ ನಾಳೆ ಹೋಗಬಹುದು. ಜೊತೆಗೆ ಈ ನೀರು ವರ್ಷವಿಡೀ ಒಂದೇ ಕಡೆ ನಿಲ್ಲುವುದಿಲ್ಲ. ಮಳೆಗಾಲದ ಕೊನೆಗೆ ತುಂಬುತ್ತದೆ, ಬೇಸಿಗೆಯಲ್ಲಿ ಇಳಿಯುತ್ತದೆ. ಇಳಿದಾಗ ಗೋಡೆಯ ಬುಡ, ಕಟ್ಟೆ ಮತ್ತೆ ಕಾಣುತ್ತವೆ. ದಂಡೆಯಲ್ಲಿ ಕೆಲವು ಜಾಗ ಗುರುತು ಮಾಡಿಕೊಳ್ಳಿ. ಅದೇ ಜಾಗ, ಅದೇ ಲೆನ್ಸ್, ಕ್ಯಾಮೆರಾದ ಎತ್ತರ ಅದೇ, ಹೊತ್ತು ಅದೇ. ತಿಂಗಳಿಗೊಮ್ಮೆ ಹೋಗಿ. ಪ್ರತಿ ಚಿತ್ರದ ಕೆಳಗೆ ಆ ದಿನದ ನೀರಿನ ಮಟ್ಟ ಬರೆಯಿರಿ. ಮಳೆಗಾಲದಲ್ಲಿ ಜಲಾಶಯದ ಮಟ್ಟ ಪೇಪರಿನಲ್ಲೇ ಬರುತ್ತದೆ. ಕವಿತೆಯಂಥ ಶೀರ್ಷಿಕೆ ದಯವಿಟ್ಟು ಬೇಡ. ‘ನೆನಪಿನ ಅಲೆಗಳು’ ಎಂಬ ಹೆಸರಿನ ಪ್ರದರ್ಶನ ನೋಡಿ ನೋಡಿ ಸಾಕಾಗಿದೆ.

ಮುಳುಗಡೆ ಎಂದರೆ ಬರೀ ನೀರೂ ಅಲ್ಲ ಅಲ್ವಾ? ಕಾಗದವೂ ಹೌದು. ನೋಟಿಸು, ಸರ್ವೆ ನಕಾಶೆ, ಹಳೇ ಉತಾರ, ಪರಿಹಾರದ ಲೆಕ್ಕ, ಹಕ್ಕುಪತ್ರ. ಎಷ್ಟೋ ಮನೆಗಳಲ್ಲಿ ಟ್ರಂಕಿನೊಳಗೆ ಬಟ್ಟೆಯಲ್ಲಿ ಸುತ್ತಿ ಇಟ್ಟಿರುತ್ತಾರೆ. ಛಾಯಾಗ್ರಾಹಕಿ ದಯಾನಿತಾ ಸಿಂಗ್ ಸರ್ಕಾರಿ ದಾಖಲೆ ಕೋಣೆಗಳ ಫೋಟೊಗಳನ್ನೇ ಒಂದು ಪುಸ್ತಕ ಮಾಡಿದ್ದಾರೆ, 2013ರಲ್ಲಿ ಬಂತು. ಕಡತದ ಗಂಟು, ಕಪಾಟು, ಧೂಳು, ನಡುವೆ ಆ ಕಾಗದಗಳನ್ನು ಕಾಯುವ ಮನುಷ್ಯ. ಅದನ್ನು ನೋಡಿದ ಮೇಲೆ ನಿಮ್ಮ ಅವ್ವನ ಟ್ರಂಕು ತೆರೆಯಿರಿ. ಕಾಗದವನ್ನು ಮಾತ್ರ ತೆಗೆಯಬೇಡಿ, ಅದನ್ನು ಹಿಡಿದ ಕೈಯನ್ನೂ ತೆಗೆಯಿರಿ. ಸರ್ವೆ ನಂಬರು, ಹಣದ ಮೊತ್ತ ಓದಲು ಬರುವಂತೆ ಪ್ರಕಟಿಸುವ ಮೊದಲು ಮನೆಯವರನ್ನು ಕೇಳಿ. ಅಣ್ಣತಮ್ಮಂದಿರ ಜಗಳ ಇನ್ನೂ ಕೋರ್ಟಿನಲ್ಲಿರಬಹುದು.

ಅವ್ವನ ಚಿತ್ರಗಳ ಬಗ್ಗೆ. ‘ಇದು ಮನೆ ವಿಷಯ, ಬೇರೆಯವರಿಗೆ ಯಾಕೆ ಬೇಕು’ ಎಂದು ನೀವು ಹಿಂಜರಿದಿದ್ದೀರಿ. ಅಮೆರಿಕದ ಬ್ರಾಡಕ್ ಎಂಬ ಉಕ್ಕಿನ ಊರು ಕಾರ್ಖಾನೆಗಳ ಕೆಲಸ ಹೋಗಿ ಸೊರಗಿತು. ಅಲ್ಲೇ ಹುಟ್ಟಿದ ಲಟೋಯಾ ರೂಬಿ ಫ್ರೇಜಿಯರ್ ಆ ಊರಿನ ಕಥೆಯನ್ನು ಅಜ್ಜಿ, ಅವ್ವ, ತಾನು, ಈ ಮೂವರ ಚಿತ್ರಗಳಲ್ಲೇ ಹೇಳಿದರು. ಕೆಲವನ್ನು ತಾಯಿ ಮಗಳು ಕೂಡಿಯೇ ತೆಗೆದಿದ್ದಾರೆ. 2014ರಲ್ಲಿ ಪುಸ್ತಕವಾಯಿತು. ಕಾರ್ಖಾನೆಯ ಚಿಮಣಿ ಅದರಲ್ಲಿ ಹೆಚ್ಚು ಕಾಣುವುದಿಲ್ಲ, ಅಜ್ಜಿಯ ಕೋಣೆ ಕಾಣುತ್ತದೆ. ತಮಿಳುನಾಡಿನ ಎಂ. ಪಳನಿ ಕುಮಾರ್ ಅವರದೂ ಇದೇ ದಾರಿ. ಮಧುರೈ ಹತ್ತಿರದ ಹಳ್ಳಿಯವರು, ತಾಯಿ ಮೀನು ಮಾರಿ ಮಕ್ಕಳನ್ನು ಸಾಕಿದವರು. ಪಳನಿ ತಾಯಿಯನ್ನೂ ತೆಗೆದರು, ಮಲದ ಗುಂಡಿಯಲ್ಲಿ ಸತ್ತ ಕಾರ್ಮಿಕರ ಮನೆಯವರನ್ನೂ ತೆಗೆದರು. ಎರಡರಲ್ಲೂ ನೋಟ ಒಂದೇ. ದಯಾನಿತಾ ಸಿಂಗ್ ಅವರಿಗೆ 2022ರಲ್ಲಿ ಹ್ಯಾಸಲ್‌ಬ್ಲಾಡ್ ಎಂಬ ಅಂತರರಾಷ್ಟ್ರೀಯ ಫೋಟೊ ಪ್ರಶಸ್ತಿ ಬಂದಾಗ ಅವರು ಅದರ ಹಣದಲ್ಲಿ ‘ಪರಿ’ ಎಂಬ ಗ್ರಾಮೀಣ ಪತ್ರಿಕೋದ್ಯಮ ತಾಣದ ಜೊತೆ ಸೇರಿ ಒಂದು ಪ್ರಶಸ್ತಿ ಶುರು ಮಾಡಿದರು. ಮೊದಲನೆಯದು ಹೋಗಿದ್ದು ಪಳನಿಗೆ. ‘ಪರಿ’ಯ ಬರಹಗಳು ಕನ್ನಡದಲ್ಲೂ ಸಿಗುತ್ತವೆ. ಓದಿ, ಚಿತ್ರಕ್ಕೆ ಮಾತು ಹೇಗೆ ಜೋಡಿಸುತ್ತಾರೆ ಅನ್ನುವುದಕ್ಕೆ ಒಳ್ಳೆಯ ಪಾಠ.

ಒಂದು ಎಚ್ಚರಿಕೆ, ಇದನ್ನು ಸ್ವಲ್ಪ ಬಿಸಿಯಾಗಿಯೇ ಹೇಳುತ್ತೇನೆ. ಸಮಾಜದ ಚಿತ್ರ ತೆಗೆಯಬೇಕು ಎಂದ ಕೂಡಲೇ ನಮ್ಮ ಕಡೆಯ ಹುಡುಗರು ಲಾಂಗ್ ಲೆನ್ಸ್ ಹಿಡಿದು ಸವದತ್ತಿ ಯಲ್ಲಮ್ಮನ ಗುಡ್ಡ ಹತ್ತುತ್ತಾರೆ. ಭಂಡಾರ ಬಳಿದ ಮುಖ ಸಿಕ್ಕರೆ ಸಾಕು, ಒತ್ತುತ್ತಾರೆ. ಕೆಳಗೆ ‘ದೇವದಾಸಿ’ ಎಂದು ಬರೆದು ಎಲ್ಲಿಗೋ ಕಳಿಸುತ್ತಾರೆ. ಆ ಹೆಂಗಸು ಸುಮ್ನೆ ಹರಕೆಗೆ ಬಂದವಳಿರಬಹುದು. ಇಲ್ಲಾ, ನಿಜವಾಗಿ ಆ ಪದ್ಧತಿಯಿಂದ ಹೊರಗೆ ಬಂದು, ಮಗಳನ್ನು ಓದಿಸುತ್ತಿರುವವಳಿರಬಹುದು. ದೇವದಾಸಿ ಬಿಡುವುದನ್ನು ನಿಷೇಧಿಸಿ ರಾಜ್ಯದಲ್ಲಿ 1982ರಲ್ಲೇ ಕಾಯ್ದೆ ಆಯಿತು. ಆದರೆ ಒಂದು ಫೋಟೊ ಅವಳನ್ನು ಮತ್ತೆ ಅದೇ ಹೆಸರಿಗೆ ಕಟ್ಟಿಹಾಕುತ್ತದೆ. ಮೊಬೈಲಿನಲ್ಲಿ ಆ ಚಿತ್ರ ಮಗಳ ಕ್ಲಾಸಿಗೂ ಬರುತ್ತದೆ.

ದಯಾನಿತಾ ಸಿಂಗ್ ಇಂಥ ಕಡೆ ಏನು ಮಾಡಿದರು ನೋಡಿ. 1989ರಲ್ಲಿ ಲಂಡನ್ನಿನ ಪತ್ರಿಕೆಯೊಂದಕ್ಕಾಗಿ ದಿಲ್ಲಿಯ ಹಿಜಡಾ ಸಮುದಾಯದ ಮೋನಾ ಅಹ್ಮದ್ ಅವರ ಫೋಟೊ ತೆಗೆದರು. ಚಿತ್ರ ಇಂಗ್ಲೆಂಡಿನಲ್ಲಿ ಅಚ್ಚಾಗುತ್ತದೆ ಎಂದು ತಿಳಿದಾಗ ಮೋನಾ ಫಿಲ್ಮ್ ವಾಪಸ್ ಕೇಳಿದರು, ಅಲ್ಲಿ ಅವರ ನೆಂಟರಿದ್ದರು. ದಯಾನಿತಾ ಕೊಟ್ಟೇಬಿಟ್ಟರು. ಪತ್ರಿಕೆಯ ಕೆಲಸ ಹೋಯಿತು, ಗೆಳೆತನ ಶುರುವಾಯಿತು. 2001ರಲ್ಲಿ ಬಂದ ಪುಸ್ತಕದಲ್ಲಿ ಚಿತ್ರ ದಯಾನಿತಾ ಅವರದು, ಮಾತು ಮೋನಾ ಅವರದೇ. ‘ಬೇಡ’ ಎಂದಾಗ ಚಿತ್ರ ಅಳಿಸಲು ನಿಮಗೆ ಮನಸ್ಸಿದೆಯಾ? ಇದ್ದರೆ ಮಾತ್ರ ಇಂಥ ವಿಷಯಕ್ಕೆ ಕೈ ಹಾಕಿ.

ಇನ್ನು ಬೆಂಗಳೂರು, ಇಂಗ್ಲಿಷಿನ ಮಾತು. ಗ್ಯಾಲರಿಗಳ ಲೋಕದಲ್ಲಿ ಇಂಗ್ಲಿಷಿನ ದರ್ಪ ಇದೆ, ಇಲ್ಲ ಎಂದು ಸುಳ್ಳು ಹೇಳುವುದಿಲ್ಲ. ಆದರೆ ದಾರಿ ಮುಚ್ಚಿಲ್ಲ. ಬೆಂಗಳೂರಿನ ಇಂಡಿಯಾ ಫೌಂಡೇಶನ್ ಫಾರ್ ದಿ ಆರ್ಟ್ಸ್ ಕಲಾವಿದರಿಗೆ ಅನುದಾನ ಕೊಡುತ್ತದೆ, ಅರ್ಜಿಯನ್ನು ಕನ್ನಡದಲ್ಲೇ ಬರೆಯಬಹುದು. ಕಸ್ತೂರಬಾ ರಸ್ತೆಯಲ್ಲಿ 2023ರಲ್ಲಿ ತೆರೆದ ಮ್ಯೂಸಿಯಂ ಆಫ್ ಆರ್ಟ್ ಅಂಡ್ ಫೋಟೋಗ್ರಫಿಗೆ ಒಮ್ಮೆ ಹೋಗಿ ಬನ್ನಿ. ಹೋಗಲಾಗದಿದ್ದರೆ ಅವರ ಸಂಗ್ರಹದ ಬಹಳಷ್ಟು ಚಿತ್ರ ಆನ್‌ಲೈನ್‌ನಲ್ಲೇ ಇವೆ. ಮೊಬೈಲಿನಲ್ಲಿ ಅಲ್ಲ, ದೊಡ್ಡ ಪರದೆಯಲ್ಲಿ ನೋಡಿ.

ಎಲ್ಲಿಂದ ಶುರು ಮಾಡಲಿ ಎಂದು ಕೇಳಿದಿರಿ. ಇಡೀ ಬಾಗಲಕೋಟೆ ಬೇಡ, ನಿಮ್ಮ ಹಳೇ ಓಣಿ ಒಂದೇ ಸಾಕು. ಹಳೇ ಊರಿನಲ್ಲಿ ವಿಳಾಸ ಅಂದರೆ ಓಣಿಯ ಹೆಸರು, ಗುಡಿ, ಮನೆತನದ ಹೆಸರು. ನವನಗರದಲ್ಲಿ ವಿಳಾಸ ಅಂದರೆ ಸೆಕ್ಟರ್ ನಂಬರ್, ಪ್ಲಾಟ್ ನಂಬರ್. ಒಂದೇ ಓಣಿಯವರು ಬೇರೆ ಬೇರೆ ಸೆಕ್ಟರಿಗೆ ಚೆದುರಿಹೋದರು. ಅವ್ವನನ್ನು ಕೂರಿಸಿಕೊಂಡು ಓಣಿಯ ನಕ್ಷೆ ಬರೆಸಿ. ಮೊದಲ ಮನೆ ಯಾರದು, ಎದುರಿಗೆ ಯಾರು, ಬಾವಿ ಎಲ್ಲಿತ್ತು, ಯಾರು ಬಾಡಿಗೆಗಿದ್ದರು. ಬಾಡಿಗೆಯವರನ್ನು ಮರೆಯಬೇಡಿ. ಪರಿಹಾರದ ಪಟ್ಟಿಯಲ್ಲಿ ಇಲ್ಲದವರನ್ನು ನೆನಪಿನ ಪಟ್ಟಿಯಿಂದಲೂ ಬಿಡುವುದು ಸುಲಭ. ಆಮೇಲೆ ಒಬ್ಬೊಬ್ಬರನ್ನೇ ಹುಡುಕಿ, ಈಗಿನ ಮನೆಯ ಬಾಗಿಲಲ್ಲಿ ನಿಲ್ಲಿಸಿ ತೆಗೆಯಿರಿ.

ತೆಗೆಯುವ ರೀತಿಗೆ ಜರ್ಮನಿಯ ಬೆರ್ಂಡ್ ಮತ್ತು ಹಿಲ್ಲಾ ಬೆಷರ್ ದಂಪತಿಯನ್ನು ನೋಡಿ. 1959ರಿಂದ ದಶಕಗಟ್ಟಲೆ ಅವರು ನೀರಿನ ಟ್ಯಾಂಕು, ಗಣಿ ಗೋಪುರಗಳನ್ನು ಮೋಡದ ಬೆಳಕಿನಲ್ಲಿ, ನೇರ ಎದುರಿನಿಂದ, ಒಂದೇ ಅಳತೆಯಲ್ಲಿ ತೆಗೆದು ಸಾಲಾಗಿ ಜೋಡಿಸಿದರು. ಎಲ್ಲವೂ ಒಂದೇ ಥರ ತೆಗೆದಾಗಲೇ ಒಂದೊಂದರ ವ್ಯತ್ಯಾಸ ಕಣ್ಣಿಗೆ ಹೊಡೆಯುವುದು. ನಿಮ್ಮ ಬಾಗಿಲುಗಳಿಗೂ ಅದೇ ಶಿಸ್ತು ಬೇಕು. ಮನುಷ್ಯರನ್ನು ಮಾತ್ರ ಅವರಿಗೆ ಬೇಕಾದ ಹಾಗೆ ನಿಲ್ಲಲು ಬಿಡಿ. ಇಳಕಲ್ ಸೀರೆ ಉಟ್ಟುಕೊಂಡು ಬನ್ನಿ ಅಂತ ಯಾರಿಗೂ ಹೇಳಬೇಡಿ. ಅವರು ನೈಟಿಯಲ್ಲೇ ನಿಲ್ಲುತ್ತೇನೆ ಅಂದರೆ ನೈಟಿ. ಹಳೇ ಸ್ಟುಡಿಯೊ ಫೋಟೊ ಇದ್ದರೆ ಕೈಯಲ್ಲಿ ಕೊಡುವ ಉಪಾಯ ಬೇಡ, ಆ ಉಪಾಯ ತುಂಬಾ ಸವೆದಿದೆ. ಆ ಫೋಟೊವನ್ನು ಸ್ಕ್ಯಾನ್ ಮಾಡಿ ಬೇರೆಯಾಗಿ ಇಟ್ಟುಕೊಳ್ಳಿ. ಪ್ರತಿಯೊಬ್ಬರಿಗೂ ಒಂದು ಪ್ರಿಂಟ್ ಕೊಡಿ, ಎರಡನೇ ಸಲ ಹೋಗಲು ಅದಕ್ಕಿಂತ ಒಳ್ಳೆಯ ನೆಪ ಇಲ್ಲ.

ಮುಗಿದ ಮೇಲೆ ಮೊದಲ ಪ್ರದರ್ಶನ ನವನಗರದಲ್ಲೇ ಮಾಡಿ. ಸಮುದಾಯ ಭವನವೋ ಶಾಲೆಯ ಹಾಲೋ ಸಾಕು. ಸೆಕ್ಟರ್ ಪ್ರಕಾರ ತೂಗುಹಾಕಬೇಡಿ, ಹಳೇ ಓಣಿಯಲ್ಲಿ ಮನೆಗಳಿದ್ದ ಸಾಲಿನಲ್ಲೇ ತೂಗುಹಾಕಿ. ಎರಡು ಗೋಡೆ ಎದುರುಬದುರು ಇರಲಿ, ನಡುವೆ ಓಣಿಯ ಅಗಲದಷ್ಟು ದಾರಿ ಬಿಡಿ. ಸಿಗದವರ ಜಾಗದಲ್ಲಿ ಹೆಸರು ಬರೆದ ಖಾಲಿ ಹಾಳೆ ಹಾಕಿ, ಪಕ್ಕದಲ್ಲಿ ಒಂದು ಪೆನ್ನು ಕಟ್ಟಿಡಿ. ‘ನಮ್ಮ ಮನೆ ಇಲ್ಲಿರಲಿಲ್ಲ, ಅವರ ಆಚೆ ಇತ್ತು’ ಎಂದು ಜನ ಜಗಳ ಮಾಡಿಯೇ ಮಾಡುತ್ತಾರೆ. ತಿದ್ದಲು ಬಿಡಿ, ತಿದ್ದಿದ್ದನ್ನೆಲ್ಲ ಬರೆದಿಟ್ಟುಕೊಳ್ಳಿ. ಅನುದಾನದ ಅರ್ಜಿ ಹಾಕುವಾಗ ಚಿತ್ರಗಳ ಜೊತೆ ಆ ತಿದ್ದಿದ ನಕ್ಷೆಯನ್ನೂ ಕಳಿಸಿ.